ನವಿಲು ಕಂದು ಎಂದ ನಮ್ಮ ಮಾವ

ನಮ್ಮ ಸೋದರಮಾವನ ಎದುರಿಗೆ ಯಾರೂ ನವಿಲನ್ನು ಹೊಗಳಬಾರದು. ಹೊಗಳಿದಿರೋ, ಕೆಟ್ಟಿರಿ! ನೀವು ಬಸ್ಸಿನಲ್ಲಿರಿ, ಮದುವೆ ಮನೆಯಲ್ಲಿರಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಇರಿ, "ಆಹಾ, ನವಿಲಿನ ನೀಲಿ!" ಎಂಬ ಮಾತು ಅವರ ಕಿವಿಗೆ ಬಿದ್ದರೆ ಸಾಕು. ಕನ್ನಡಕವನ್ನು ಹಣೆಗೇರಿಸಿ, ಗಂಟಲು ಸರಿಮಾಡಿಕೊಂಡು, "ನವಿಲು ನೀಲಿ ಅಂತ ನಿಮಗ್ಯಾರು ಹೇಳಿದ್ರು? ಅದು ಕಂದು ಕಣ್ರಿ!" ಎಂದುಬಿಡುತ್ತಾರೆ. ಆಮೇಲೆ ನೀವು ಇಳಿಯಬೇಕಾದ ಸ್ಟಾಪು ದಾಟಿದರೂ, ಊಟದ ಪಂಕ್ತಿ ಎದ್ದರೂ, ಹಲ್ಲೇ ಕೈಗೆ ಬಂದರೂ ಆ ಮಾತು ಮುಗಿಯುವುದಿಲ್ಲ.

ಹೊಸದುರ್ಗದಲ್ಲಿ ನಮ್ಮ ನೆಂಟರೊಬ್ಬರ ಮಗಳ ಮದುವೆ. ಹುಡುಗಿಯ ತಾಯಿ ಮೊಳಕಾಲ್ಮೂರಿನ ರೇಷ್ಮೆ ಸೀರೆ ಉಟ್ಟಿದ್ದರು. ಅತ್ತ ತಿರುಗಿದರೆ ನೀಲಿ, ಇತ್ತ ತಿರುಗಿದರೆ ಹಸಿರು. ಆಕೆಯೂ ಪಾಪ, ಬೇಕಾಗಿಯೋ ಬೇಡವಾಗಿಯೋ ಅತ್ತಿಂದಿತ್ತ ತಿರುಗುತ್ತಲೇ ಇದ್ದರು. ಯಾರೋ "ಥೇಟ್ ನವಿಲು!" ಎಂದರು. ನಾನು ಮಾವನ ತೋಳು ಹಿಡಿಯುವಷ್ಟರಲ್ಲಿ ಅವರು ಜೇಬಿನಿಂದ ಭೂತಗನ್ನಡಿ ತೆಗೆದು ಆಕೆಯ ಸೆರಗಿನ ಮೇಲೆ ಬಗ್ಗಿಯಾಗಿತ್ತು!

"ನೋಡ್ರಿ, ಉದ್ದಕ್ಕೆ ನೀಲಿ ನೂಲು, ಅಡ್ಡಕ್ಕೆ ಹಸಿರು ನೂಲು. ಎರಡೂ ಅದ್ದಿದ ಬಣ್ಣವೇ. ಮೋಸ ಇದು!"

"ಯಾರ್ರೀ ಮೋಸ ಅಂದೋರು?" ಆಕೆ ಸೆರಗು ಕಿತ್ತುಕೊಂಡರು. "ಅಸಲಿ ರೇಷ್ಮೆ ಐತೆ ಇದು!"

"ರೇಷ್ಮೆ ಅಸಲಿ ಕಣಮ್ಮ. ನವಿಲು ನಕಲಿ."

ಅವತ್ತು ನಮ್ಮ ಎಲೆಯ ಕಡೆ ಹೋಳಿಗೆ ಎರಡನೆಯ ಸಲ ಬರಲೇ ಇಲ್ಲ.

ಮಾವ ಹುಟ್ಟಿನಿಂದಲೇ ಹೀಗಿದ್ದರು ಎಂದುಕೊಳ್ಳಬೇಡಿ. ಹೊಳಲ್ಕೆರೆಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇತ್ತು. ತಾಲ್ಲೂಕಿನ ಅರ್ಧ ಜನದ ಮದುವೆ ಆಲ್ಬಮ್ಮು ಅವರು ಮಾಡಿದ್ದೇ. ಉಂಗುರ, ಮೆಹಂದಿ, ಮೂಗುತಿಗಳನ್ನು ತೀರಾ ಹತ್ತಿರದಿಂದ ತೆಗೆಯಲೆಂದು ಒಂದು ಮ್ಯಾಕ್ರೋ ಲೆನ್ಸು ತರಿಸಿಕೊಂಡಿದ್ದರು. ಇರುವೆಯ ಮೀಸೆಯನ್ನೂ ಎಣಿಸಬಲ್ಲ ಲೆನ್ಸು. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು, ಸ್ಟುಡಿಯೋಗೆ ಗಿರಾಕಿಗಳ ಬದಲು ಪಾರಿವಾಳಗಳು ಬರತೊಡಗಿದವು. ಬೋರ್ಡಿನ ಹಿಂದೆ ಅವುಗಳ ಸಂಸಾರ. ಕೆಲಸವಿಲ್ಲದ ಒಂದು ಮಧ್ಯಾಹ್ನ, ಪಾರಿವಾಳದ ಕತ್ತಿನಿಂದ ಉದುರಿದ ಚಿಕ್ಕದೊಂದು ಗರಿ ಗಾಜಿನ ಮೇಜಿನ ಮೇಲೆ ಬಂದು ಕೂತಿತಂತೆ. ಮಾವ ಸುಮ್ಮನೆ ಆ ಲೆನ್ಸು ಹಿಡಿದು ನೋಡಿದರು. ಬೂದಿ ಬಣ್ಣದ ಗರಿಯ ತುದಿಯಲ್ಲಿ ಹಸಿರು! ಗರಿಯನ್ನು ಸ್ವಲ್ಪ ವಾಲಿಸಿದರು. ನೇರಳೆ! ಮತ್ತೆ ವಾಲಿಸಿದರು. ಹಸಿರು!

"ಅವತ್ತೇ ಶಟರ್ ಎಳೆದೆ ನೋಡು," ಎನ್ನುತ್ತಾರೆ ಮಾವ. "ಇಷ್ಟು ವರ್ಷ ಜನದ ಫೋಟೋ ತೆಗೆದೆ. 'ಸ್ವಲ್ಪ ಬೆಳ್ಳಗೆ ಮಾಡ್ರಿ, ಸ್ವಲ್ಪ ಸಣ್ಣ ಮಾಡ್ರಿ' ಅಂತ ಜೀವ ತಿಂದ್ರು. ಪುಕ್ಕ ಒಂದು ದಿನ ಹಂಗೆ ಕೇಳೈತಾ?"

ಕೇಳುವುದಿಲ್ಲ, ನಿಜ. ಆದರೆ ಪುಕ್ಕದ ಪರವಾಗಿ ಮಾವ ಕೇಳುವುದೇನು ಕಡಿಮೆಯೇ? ಸ್ಟುಡಿಯೋ ಮುಚ್ಚಿ, ಒಂಟಿಗ ಮಾವ ಚಿತ್ರದುರ್ಗದ ನಮ್ಮ ಮನೆಯ ಮಹಡಿಯ ಕೋಣೆಗೆ ಬಂದರು. ಕರೆತಂದವಳು ಅಮ್ಮ. ಅಮ್ಮನಿಗೂ ತಮ್ಮನಿಗೂ ಬಹಳ ವರ್ಷಗಳ ಅಂತರ. ಅಜ್ಜಿ ಬೇಗ ತೀರಿಕೊಂಡದ್ದರಿಂದ ಅವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ಅವಳೇ. "ನನ್ನ ಕಣ್ಣ ಮುಂದೆ ಇರಲಿ" ಎಂದು ಕರೆತಂದಳು. ಬಂದ ವಾರದಲ್ಲೇ ಮನೆಯಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು!

ವಿಷಯ ಏನಪ್ಪಾ ಎಂದರೆ, ಅಷ್ಟು ಹತ್ತಿರದಿಂದ ತೆಗೆಯುವಾಗ ಗರಿಯ ಒಂದು ಎಳೆ ಸ್ಪಷ್ಟವಾದರೆ ಪಕ್ಕದ ಎಳೆ ಮಸುಕು. ಹಾಗಾಗಿ ಕ್ಯಾಮೆರಾವನ್ನು ಕೂದಲೆಳೆಯಷ್ಟು ಮುಂದೆ ಸರಿಸುತ್ತ ಹತ್ತಾರು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಬೇಕು. ಆ ಹೊತ್ತಿನಲ್ಲಿ ಯಾರಾದರೂ ಮೆಟ್ಟಿಲು ಹತ್ತಿದರೆ, ಬಾಗಿಲು ಹಾಕಿದರೆ, ಜೋರಾಗಿ ಸೀನಿದರೆ ಮುಗಿಯಿತು, ಗರಿ ಅಲುಗಿ ಮೊದಲಿನಿಂದ ಶುರು. ಫ್ಯಾನು ಹಾಕುವಂತಿಲ್ಲ. ದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಫ್ಯಾನಿಲ್ಲದೆ ಕೂತು ನೋಡಿ, ಕೋಟೆಯ ಬಂಡೆಗಳು ಯಾಕೆ ಅಷ್ಟು ಮುಖ ಗಂಟಿಕ್ಕಿಕೊಂಡಿವೆ ಎಂದು ತಿಳಿಯುತ್ತದೆ!

"ಅಕ್ಕಾ, ಕುಕ್ಕರ್ ಆರಿಸು! ಸೀಟಿಗೆ ಪುಕ್ಕ ನಡುಗ್ತಾ ಐತೆ!" ಎಂದು ಮೇಲಿನಿಂದ ಕೂಗು.

"ಬ್ಯಾಳೆ ಬೆಂದಿಲ್ಲ ಕಣೋ!" ಎಂದು ಕೆಳಗಿನಿಂದ ಅಮ್ಮ.

"ಬ್ಯಾಳೆ ನಾಳೆನೂ ಬೇಯುತ್ತೆ! ಈ ಬೆಳಕು ನಾಳೆ ಬರಲ್ಲ!"

"ಹಂಗಾದ್ರೆ ಮಧ್ಯಾಹ್ನ ಆ ಬೆಳಕೇ ಕಲೆಸ್ಕಂಡು ಉಣ್ಣು!"

ಮಾವನ ವಿಜ್ಞಾನ ಪಾಠಕ್ಕೆ ಮನೆಯ ಯಾವ ವಸ್ತುವಾದರೂ ಆದೀತು. ನನಗೆ ಅವರು ನವಿಲುಗರಿಯ ರಹಸ್ಯ ಹೇಳಿಕೊಟ್ಟದ್ದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಸೋಪಿನ ಗುಳ್ಳೆಯೊಂದನ್ನು ಅಂಗೈ ಮೇಲೆ ಕೂರಿಸಿಕೊಂಡು, "ಇದರಾಗೆ ಬಣ್ಣ ಎಲ್ಲಿಂದ ಬಂತು? ನೀರಿಗೆ ಬಣ್ಣ ಇಲ್ಲ, ಸೋಪು ಬಿಳಿ. ಆದ್ರೂ ಕಾಮನಬಿಲ್ಲು ಐತೆ, ಅಲ್ವಾ?" ಎಂದರು. ಗುಳ್ಳೆಯ ಪೊರೆಯ ಮೇಲ್ಭಾಗದಿಂದ ಒಂದಿಷ್ಟು ಬೆಳಕು ಮರಳುತ್ತದೆ, ಒಳಭಾಗದಿಂದ ಇನ್ನೊಂದಿಷ್ಟು. ಹಾಗೆ ಮರಳುವಾಗ ಕೆಲವು ಬಣ್ಣದ ಅಲೆಗಳು ಹೆಜ್ಜೆಗೆ ಹೆಜ್ಜೆ ಸೇರಿಸಿ ಬಲವಾಗುತ್ತವೆ, ಕೆಲವು ಒಂದಕ್ಕೊಂದು ಕಾಲು ಅಡ್ಡಕೊಟ್ಟುಕೊಂಡು ಬಿದ್ದುಹೋಗುತ್ತವೆ. ಗರಿಯಲ್ಲೂ ಹಾಗೆಯೇ. ನವಿಲುಗರಿಯ ಎಳೆಯೊಳಗೆ ಇರುವುದು ನಮ್ಮ ಕೂದಲಿನಲ್ಲಿರುವಂಥ ಕಪ್ಪು-ಕಂದು ವಸ್ತು ಮಾತ್ರ. ಅದರ ಸಣ್ಣಾತಿಸಣ್ಣ ಕಡ್ಡಿಗಳು ಸಾಲುಸಾಲಾಗಿ ಜೋಡಿಸಿಕೊಂಡಿರುತ್ತವೆ. ಸಾಲುಗಳ ನಡುವಿನ ಅಂತರ ಒಂದು ಅಳತೆಯಲ್ಲಿದ್ದರೆ ನೀಲಿ, ಕೊಂಚ ಹೆಚ್ಚಾದರೆ ಹಸಿರು, ಇನ್ನೂ ಕೊಂಚ ಹೆಚ್ಚಾದರೆ ತಾಮ್ರ!

"ನಂಬಲ್ವಾ? ತಡಿ" ಎಂದು ಮಾವ ನನ್ನ ಕೈಚೀಲದಿಂದಲೇ ಸ್ಯಾನಿಟೈಸರ್ ತೆಗೆದು, ತಾವು ತಂದಿದ್ದ ನವಿಲುಗರಿಯ ಕಣ್ಣಿನ ಮೇಲೆ ತೊಟ್ಟಿಕ್ಕಿದರು. ನಾನು ನೋಡನೋಡುತ್ತಿದ್ದಂತೆ ಆ ಜಾಗದ ಬಣ್ಣ ಬೇರೆಯಾಗಿ ಮಂಕಾಯಿತು. ನಾನು "ಅಯ್ಯೋ, ಹಾಳಾಯ್ತು!" ಎಂದೆ. ಮಾವ ಬಾಯಿಂದ ಉಫ್ ಎಂದು ಊದಿದರು. ಆರುತ್ತಿದ್ದಂತೆ ಬಣ್ಣ ತಾನಾಗಿ ತನ್ನ ಮನೆಗೆ ಮರಳಿತು. ಸಂದಿಗಳಲ್ಲಿ ಗಾಳಿಯ ಬದಲು ದ್ರವ ತುಂಬಿದರೆ ಬೆಳಕಿನ ಲೆಕ್ಕ ತಪ್ಪುತ್ತದಂತೆ. ನಾನು ಬೆರಗಾಗಿ ಕೂತಿದ್ದೆ. ನಿಜ ಹೇಳಬೇಕೆಂದರೆ ಅವತ್ತಿನಿಂದ ನನಗೂ ಒಂದಿಷ್ಟು ಸೋಂಕು ತಗಲಿತು. ಇಲ್ಲದಿದ್ದರೆ ಭಾನುವಾರದ ನಿದ್ದೆ ಬಿಟ್ಟು ಅವರ ಹಿಂದೆ ಶ್ರೀರಾಂಪುರದ ಬಸ್ಸು ಹತ್ತುತ್ತಿದ್ದೆನೇ?

ಶ್ರೀರಾಂಪುರದ ಹತ್ತಿರ ನಮ್ಮ ದೂರದ ನೆಂಟರ ತೋಟದ ಮನೆ. ಅಲ್ಲೊಂದು ಹುಂಜ ಇದೆ, ಅದರ ಬಾಲ ಕಪ್ಪಾದರೂ ಬಿಸಿಲಿಗೆ ಹಸಿರಾಗಿ ಉರಿಯುತ್ತದೆ ಎಂಬ ಸುದ್ದಿ ಮಾವನಿಗೆ ಬಂದಿತ್ತು. ಹೋಗಿ ನಿಂತು, "ನಿಮ್ಮ ಹುಂಜದ ಪುಕ್ಕ ಬೇಕಿತ್ತು" ಎಂದರು.

ಮನೆಯ ಯಜಮಾನ ಬಲು ಉದಾರಿ. "ಅದಕ್ಕೇನ್ರಿ, ಕುಂತ್ಕಳ್ರಿ. ಈಗ್ಲೇ ಕೊಯ್ಸಾಣ. ಪುಕ್ಕ ನಿಮಗೆ, ಸಾರು ಎಲ್ಲರಿಗೆ."

"ಅಯ್ಯೋ ಬ್ಯಾಡ್ರಿ! ಜೀವಂತ ಇರ್ಲಿ. ಅದು ಬಿಸಿಲಾಗೆ ನಿಂತ್ರೆ ಸಾಕು."

"ಬರೀ ನಿಲ್ಲಕಾ?" ಯಜಮಾನ ನನ್ನ ಕಡೆ ತಿರುಗಿ, ತಲೆಯ ಹತ್ತಿರ ಬೆರಳು ಒಯ್ದು ಕಣ್ಣಲ್ಲೇ ಕೇಳಿದರು. ನಾನು ತೋಟದ ಕಡೆ ನೋಡಿದೆ.

ಮಾವ ಮಣ್ಣಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ತೆವಳುತ್ತ ತೆವಳುತ್ತ ಹುಂಜದ ಬಾಲದ ಹತ್ತಿರ ಹೋದರು. ಯಾವ ಮರ್ಯಾದಸ್ತ ಹುಂಜ ಇದನ್ನು ಸಹಿಸೀತು? ಅದು ಗಿರಕ್ಕನೆ ತಿರುಗಿತು. ಲೆನ್ಸಿನ ಗಾಜಿನಲ್ಲಿ ಅದಕ್ಕೆ ಕಂಡದ್ದು ಇನ್ನೊಂದು ಹುಂಜ! ಆಮೇಲೆ ನಡೆದದ್ದು ಯುದ್ಧ. ಹುಂಜ ಲೆನ್ಸಿಗೆ ಕುಕ್ಕಿತು, ಟೋಪಿಗೆ ಕುಕ್ಕಿತು, ಎದ್ದು ಓಡಿದ ಮಾವನನ್ನು ಹುಣಸೆಮರದವರೆಗೆ ಅಟ್ಟಿಸಿಕೊಂಡು ಹೋಯಿತು. ಮಾವ ಏದುಸಿರು ಬಿಡುತ್ತ ಕ್ಯಾಮೆರಾ ಬೆಳಗಿಸಿ ನೋಡಿದರೆ, ಹಾರಿ ಬರುವ ಹುಂಜದ ಬಾಲ ಒಂದೇ ಒಂದು ಫೋಟೋದಲ್ಲಿ ಸಿಕ್ಕಿಬಿಟ್ಟಿತ್ತು. ಪಚ್ಚೆ, ನೀಲಿ, ನೇರಳೆ, ಎಲ್ಲವೂ ಇದ್ದ ಬಾಲ!

"ಸಿಕ್ತು!" ಎಂದು ಮರದ ಹಿಂದಿನಿಂದ ಕೂಗಿದರು.

"ಹುಂಜಾನಾ?" ಎಂದು ಯಜಮಾನ ಆಸೆಯಿಂದ ಕೇಳಿದರು.

ಜೋಗಿಮಟ್ಟಿಯಲ್ಲೂ ಹೀಗೆಯೇ ಆಯಿತು. ಅದು ಕಾಡು, ಅಲ್ಲಿಂದ ಬಿದ್ದ ಗರಿಯನ್ನೂ ಎತ್ತಿಕೊಂಡು ಬರುವಂತಿಲ್ಲ. ಮಾವ ಆ ವಿಷಯದಲ್ಲಿ ಬಲು ಕಟ್ಟುನಿಟ್ಟು. ದಾರಿಯ ಪಕ್ಕ ಬಿದ್ದ ನವಿಲುಗರಿಯನ್ನು ಮುಟ್ಟದೆ, ಅದರ ಮುಂದೆಯೇ ಬೋರಲು ಬಿದ್ದು ಫೋಟೋ ತೆಗೆಯುತ್ತಿದ್ದರು. ಉಸಿರು ಬಿಗಿಹಿಡಿದಿದ್ದರಿಂದ ಮೈ ಅಲುಗುತ್ತಿರಲಿಲ್ಲ. ಆ ದಾರಿಯಲ್ಲಿ ಬಂದ ಅರಣ್ಯ ರಕ್ಷಕನಿಗೆ ಕಂಡದ್ದೇನು? ನಡು ಬಿಸಿಲಲ್ಲಿ ಬೋರಲು ಬಿದ್ದ ಒಬ್ಬ ಮುದುಕ! ಅವನು ಓಡಿ ಬಂದು ಬಾಟಲಿಯ ನೀರನ್ನೆಲ್ಲ ಮಾವನ ಕತ್ತಿಗೆ ಸುರಿದ. ಮಾವ ಅಲುಗದೆ, "ನನಗೆ ಹಾಕಿದ್ದು ಸಾಕಪ್ಪ, ಪುಕ್ಕದ ಮ್ಯಾಲೆ ಎರಡು ಹನಿ ಹಾಕು" ಎಂದರಂತೆ.

ಅವನು ಸಿಟ್ಟಾಗಿ, "ಇಲ್ಲಿಂದ ಏನೂ ಒಯ್ಯಂಗಿಲ್ಲ, ಗೊತ್ತಾತಾ?" ಎಂದ.

"ಬರೀ ಬೆಳಕು ಒಯ್ತೀನಿ."

"ಅದಕ್ಕೆ ರೂಲ್ಸ್ ಇನ್ನಾ ಬಂದಿಲ್ಲ. ಬರಾದ್ರೊಳಗೆ ಹೋಗ್ರಿ!"

ಇಂಥ ಮಾವನ ಕಲೆಗೆ ಮನೆಯಲ್ಲಿ ಒಬ್ಬರೇ ವಿಮರ್ಶಕರು, ಅಮ್ಮ. ಶ್ರೀರಾಂಪುರದ ಹುಂಜದ ಬಾಲವನ್ನು ಮಾವ ಬಾಗಿಲಿನಷ್ಟು ದೊಡ್ಡದಾಗಿ ಮುದ್ರಿಸಿ, ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದರು. ಬಂದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಅಮ್ಮ ನೋಡಿ, "ಏನೋ ಇದು, ಗೋಡೆಗೆ ಕರೀ ಕಂಬಳಿ ನೇತಾಕಿದಿಯಾ?" ಎಂದಳು.

"ಅಕ್ಕಾ, ಸರಿಯಾಗಿ ನೋಡು. ಇಲ್ಲಿ ನೀಲಿ, ಇಲ್ಲಿ ನೇರಳೆ..."

"ನೋಡಿದ್ನಪ್ಪ. ಕಪ್ಪು ಐತೆ."

"ಈ ಕಡೆಯಿಂದ ನೋಡು!"

"ಈ ಕಡೆಯಿಂದಾನೂ ಕಪ್ಪೇ. ನೀನು ನವಿಲು ಕಂದು ಅಂತೀಯ, ನಾನು ಹುಂಜ ಕಪ್ಪು ಅಂದ್ರೆ ಸಿಟ್ಟಾ?"

ನಾವೆಲ್ಲ ನಕ್ಕೆವು. ಮಾವ ಮುಖ ಊದಿಸಿಕೊಂಡು ಮಹಡಿ ಹತ್ತಿದರು. ಮರುದಿನ ಮತ್ತೆ ಜಗಳ, ಅದರ ಮರುದಿನವೂ ಜಗಳ. ಒಬ್ಬರು ನೀಲಿ ಎನ್ನುವುದು, ಒಬ್ಬರು ಕಪ್ಪು ಎನ್ನುವುದು. ನಮಗೆ ಟೀವಿಯೇ ಬೇಡವಾಯಿತು.

ಆದರೆ ಒಂದು ಮಧ್ಯಾಹ್ನ ಜಗಳದ ನಡುವೆಯೇ ಮಾವ ಸುಮ್ಮನಾಗಿಬಿಟ್ಟರು. ಅಮ್ಮನನ್ನೇ ನೋಡುತ್ತ ನಿಂತರು. ಆಮೇಲೆ ನನ್ನನ್ನು ಮಹಡಿಗೆ ಕರೆದು, ಮೆಲ್ಲಗೆ, "ಅಕ್ಕ ಹಟ ಮಾಡ್ತಿಲ್ಲ ಕಣೆ. ಅಕ್ಕನಿಗೆ ನೀಲಿ ಕಾಣ್ತಾನೇ ಇಲ್ಲ" ಎಂದರು.

ನಾನು ನಗಲು ಹೊರಟವಳು ನಿಲ್ಲಿಸಿದೆ. ಅಮ್ಮ ಪೇಪರು ಓದುವುದನ್ನು ಬಿಟ್ಟಿದ್ದಳು. ಕೇಳಿದರೆ "ಬರೀ ಸುಳ್ಳು ಬರೀತಾರೆ" ಎನ್ನುತ್ತಿದ್ದಳು. ಅಕ್ಕಿಯಲ್ಲಿ ಕಲ್ಲನ್ನು ಕಣ್ಣಿನಿಂದಲ್ಲ, ಬೆರಳಿನಿಂದ ಹುಡುಕುತ್ತಿದ್ದಳು. ಹಬ್ಬಕ್ಕೆ ಕಡುನೀಲಿ ಸೀರೆಗೆ ಕಪ್ಪು ರವಿಕೆ ತೊಟ್ಟು ಬಂದಾಗ, "ಇದೇನಮ್ಮ ಹೊಸ ಫ್ಯಾಷನ್ನು!" ಎಂದು ನಾವು ಗೇಲಿ ಮಾಡಿದ್ದೆವು. ಅವಳೂ ನಮ್ಮ ಜೊತೆ ನಕ್ಕಿದ್ದಳು!

ಆಸ್ಪತ್ರೆ ಎಂದೊಡನೆ ಅಮ್ಮ ಸಿಡಿದೆದ್ದಳು. "ನನ್ನ ಕಣ್ಣು ಸರಿಯಾಗೇ ಅವೆ. ಕತ್ತಿ ಹಾಕಿಸ್ಕಳಲ್ಲ ಅಂದ್ರೆ ಹಾಕಿಸ್ಕಳಲ್ಲ!" ಅದಕ್ಕೆ ಕಾರಣ ಇತ್ತು. ಬಹಳ ಹಿಂದೆ ನಮ್ಮ ತಾತನ ಕಣ್ಣಿಗೆ ಆಪರೇಷನ್ ಆಗಿ, ಅದು ನೆಟ್ಟಗಾಗದೆ, ಕೊನೆಯವರೆಗೂ ಅವರನ್ನು ಕೈಹಿಡಿದು ನಡೆಸಿದವಳು ಅವಳೇ. ನಾನು ಬೇಡಿಕೊಂಡೆ, ರೇಗಿದೆ, ಊಟ ಬಿಟ್ಟೆ. ಏನೂ ಪ್ರಯೋಜನವಾಗಲಿಲ್ಲ.

ಮಾವ ವಾದ ಮಾಡಲಿಲ್ಲ. ಕ್ಯಾಮೆರಾವನ್ನು ಪೆಟ್ಟಿಗೆಗೆ ಹಾಕಿ, ಲೆನ್ಸಿಗೆ ಮುಚ್ಚಳ ಹಾಕಿ, ಕೆಳಗೆ ಬಂದು ಅಮ್ಮನ ಎದುರು ಕುರ್ಚಿಯಲ್ಲಿ ಕೂತರು. "ನೀನು ನೋಡ್ದಿದ್ಮ್ಯಾಲೆ ನಾನು ಯಾರಿಗೆ ಅಂತ ತೆಗೀಲಿ? ನಾನೂ ಬಿಟ್ಟೆ."

"ಬಿಡು, ಪೀಡೆ ಹೋತು!" ಎಂದಳು ಅಮ್ಮ.

ಪೀಡೆ ಹೋಯಿತು, ಆದರೆ ಮನೆಯ ಜೀವವೂ ಹೋಯಿತು. ಕುಕ್ಕರು ಮನಬಂದಷ್ಟು ಸೀಟಿ ಹೊಡೆಯಿತು, ಯಾರೂ ಕೂಗಲಿಲ್ಲ. ಫ್ಯಾನು ಗರಗರ ತಿರುಗಿತು. ಮಾವ ಕುರ್ಚಿ ಬಿಟ್ಟು ಏಳಲಿಲ್ಲ. ಅಂಗಳದ ದಾಸವಾಳಕ್ಕೆ ಒಂದು ಸೂರಕ್ಕಿ ಬಂದು, ಎದೆಯ ನೇರಳೆಯನ್ನೆಲ್ಲ ಬಿಸಿಲಿಗೆ ಒಡ್ಡಿಕೊಂಡು ಕೂತಿತು. ಚಿಲಿಪಿಲಿ ಕೇಳಿದ ಅಮ್ಮ, "ಲೇ, ನಿನ್ನ ಹಕ್ಕಿ ಬಂದೈತೆ ನೋಡೋ" ಎಂದಳು. ಮಾವ, "ಬಂದಿರ್ಲಿ ಬಿಡಕ್ಕ" ಎಂದರು. ಅಮ್ಮ ಬಹಳ ಹೊತ್ತು ಸದ್ದು ಬಂದ ಕಡೆ ಮುಖ ಮಾಡಿ ಕೂತಿದ್ದಳು. ಆಮೇಲೆ ಸೆರಗು ಕೊಡವಿಕೊಂಡು ಎದ್ದು, "ಆತು, ಏಳು. ಆಸ್ಪತ್ರೆಗೆ ಹೋಗಾಣ. ನೀನು ಹಿಂಗೆ ಮೂಕಬಸವ ಆಗಿ ಕುಂತ್ರೆ ನಾನು ಹೆಂಗೆ ಬದುಕಲಿ?" ಎಂದಳು.

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪರೀಕ್ಷೆ ಮಾಡಿ, ಎರಡೂ ಕಣ್ಣಿನಲ್ಲಿ ಪೊರೆ ಬಂದಿದೆ, ಬಲಗಣ್ಣಿನದು ತೀರಾ ಬಲಿತಿದೆ, ಇನ್ನೂ ತಡಮಾಡಿದ್ದರೆ ಕಷ್ಟವಾಗುತ್ತಿತ್ತು ಎಂದರು. ಕಣ್ಣೊಳಗಿನ ಮಸೂರ ವಯಸ್ಸಾದಂತೆ ಹಳದಿಗೆ, ಕಂದಿಗೆ ತಿರುಗುತ್ತದಂತೆ. ಅದು ಮೊದಲು ತಡೆಯುವುದು ನೀಲಿ ಬೆಳಕನ್ನೇ ಅಂತೆ. ಅಷ್ಟು ಕೇಳಿದ್ದೇ ತಡ, ಮಾವನ ಮೌನವ್ರತ ಮುರಿಯಿತು! "ಹಂಗಾದ್ರೆ ಮೇಡಂ, ಪೊರೆ ದಾಟುವಾಗ ಬೆಳಕು ಚದುರುತ್ತಾ, ಪೊರೆನೇ ಹೀರ್ಕಳ್ಳುತ್ತಾ?" ಎಂದು ಕುರ್ಚಿ ಎಳೆದುಕೊಂಡರು. ಡಾಕ್ಟರೂ ಹುರುಪಿನಿಂದ ಚಿತ್ರ ಬರೆದು ತೋರಿಸತೊಡಗಿದರು. ಮಾವ ಮೊಬೈಲಿನಲ್ಲಿ ಪಾರಿವಾಳದ ಗರಿ ತೋರಿಸಿದರು. ಆಕೆ "ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದರು.

ಪರೀಕ್ಷೆಯ ಯಂತ್ರಕ್ಕೆ ಗದ್ದ ಆನಿಸಿಕೊಂಡೇ ಕೂತಿದ್ದ ಅಮ್ಮ ಕೇಳಿದಳು: "ಅಲ್ಲಮ್ಮ, ನನ್ನ ಕಣ್ಣು ನೋಡ್ತೀಯೋ, ಇವನ ಪುಕ್ಕ ನೋಡ್ತೀಯೋ?"

ಬಲಗಣ್ಣಿಗೆ ಆಪರೇಷನ್ ಆಯಿತು. ಒಳಗೆ ಅಮ್ಮ ಇದ್ದಷ್ಟು ಹೊತ್ತು ಮಾವ ಹೊರಗಿನ ಬೆಂಚಿನ ಮೇಲೆ, ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚುವುದಿತ್ತು. ಮಾವ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದಿದ್ದರು. ಚೀಲದ ತುಂಬ ಫೋಟೋಗಳು. ಯಾವುದನ್ನು ಮೊದಲು ತೋರಿಸಬೇಕು, ಯಾವುದನ್ನು ಆಮೇಲೆ ತೋರಿಸಬೇಕು ಎಂದು ದಾರಿಯುದ್ದಕ್ಕೂ ನನ್ನ ಜೀವ ತಿಂದಿದ್ದರು. ನರ್ಸು ಪಟ್ಟಿ ತೆಗೆದು, ಕಣ್ಣನ್ನು ಮೆಲ್ಲಗೆ ಒರೆಸಿ, "ನಿಧಾನಕ್ಕೆ ಬಿಡ್ರಮ್ಮ" ಎಂದರು. ಅಮ್ಮ ರೆಪ್ಪೆ ಬಡಿದು ಬಡಿದು ಕಣ್ಣು ಬಿಟ್ಟಳು. ಮಾವ ನೀಲಿ ಫೋಟೋವೊಂದನ್ನು ಎದೆಯ ಮುಂದೆ ಹಿಡಿದುಕೊಂಡು, "ಅಕ್ಕಾ, ಈಗ ನೋಡು! ಯಾವ ಬಣ್ಣ?" ಎಂದರು.

ಅಮ್ಮ ಫೋಟೋ ನೋಡಲಿಲ್ಲ. ಅದನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು.

"ಲೇ," ಎಂದಳು. "ಯಾವಾಗೋ ನೀನು ಇಷ್ಟು ಮುದುಕ ಆದೆ?"

ಮಾವ ನಗಲು ನೋಡಿದರು.

"ತಲೆ ಎಲ್ಲ ಬೆಳ್ಳಗಾಗೈತೆ. ಹುಬ್ಬು ಕೂಡ."

"ಬಿಳಿ ಅನ್ನೋದು ಬಣ್ಣ ಅಲ್ಲಕ್ಕಾ," ಎಂದು ಮಾವ ಶುರುಮಾಡಿದರು. "ಕೂದಲೊಳಗೆ ಬೆಳಕು ಚದುರಿ..."

"ಸುಮ್ನಿರೋ. ನೋಡಾಕೆ ಬಿಡು." ಅಮ್ಮ ಅವರ ಕೈಹಿಡಿದು ಮಂಚದ ಅಂಚಿಗೆ ಕೂರಿಸಿಕೊಂಡಳು. ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸವರಿ, ಕೆನ್ನೆಯ ಗುಳಿಯನ್ನು ಹೆಬ್ಬೆರಳಿನಿಂದ ಮುಟ್ಟಿದಳು. "ಕೆನ್ನೆ ಹೆಂಗೆ ಒಳಗೋಗೈತೆ ನೋಡು. ಒಂದೇ ಮನೆಯಾಗೆ ಇದ್ದು, ದಿನಾ ನಿನಗೆ ಬಡಿಸಿ, ನಾನು ನೋಡ್ಲೇ ಇಲ್ವಲ್ಲೋ ನಿನ್ನ!"

ಡಾಕ್ಟರು ಔಷಧಿ ಹಾಕಲು ಬಂದವರು, ಬಾಗಿಲಿನಲ್ಲೇ ನಿಂತರು.